ಕತ್ತರಿಸದೆ ಬಿಟ್ಟ ಹುಲ್ಲು

ಗ್ರಂಥಾಲಯದ ಮುಂದಿನ ಗುಲಾಬಿ ಪಾತಿಗೆ ನೀರು ಬಿಡುತ್ತಿದ್ದ ತೋಟಗಾರನಿಗೆ ಸುದ್ದಿ ತಂದವನು ಬಾಗಿಲ ಕಾವಲುಗಾರ.

"ಗೊತ್ತಾಯ್ತಾ ಯಜಮಾನ್ರೇ, ನಮ್ಮ ಹುಲ್ಲಕ್ಕ ಹೋಗ್ಬಿಟ್ರಂತೆ. ಮೊನ್ನೆ ಬೆಳಿಗ್ಗೆ. ಅವರ ತಂಗಿ ಈಗ ಫೋನ್ ಮಾಡಿದ್ರು. ಎಲ್ಲಾ ನಿನ್ನೇನೇ ಮುಗೀತಂತೆ."

ತೋಟಗಾರ ಪೈಪು ಹಿಡಿದಂತೆಯೇ ನಿಂತ.

"ನಾನು ಕುರ್ಚೀಲಿ ತೂಕಡಿಸ್ತಿದ್ರೆ, 'ಏನಪ್ಪಾ, ಬೇರು ಬಿಟ್ಯಾ? ನಿಂಗೂ ಒಂದು ಪಾತಿ ಮಾಡ್ಲಾ?' ಅಂತಿದ್ರು," ಎಂದ ಕಾವಲುಗಾರ, ಕಣ್ಣೊರೆಸಿಕೊಳ್ಳುತ್ತ. "ನೀರು ನಿಲ್ಸಿ ಯಜಮಾನ್ರೇ. ಹಾದೀಲಿ ಹರೀತಿದೆ."

ಕಟ್ಟಡದ ಪಕ್ಕದ ಕಲ್ಲುಮಣ್ಣಿನ ಇಳಿಜಾರಿನಲ್ಲಿ ಏನು ನೆಟ್ಟರೂ ಬದುಕದಿದ್ದಾಗ, ಎಲ್ಲಿಂದಲೋ ಚಾಮರ ಹುಲ್ಲಿನ ಸಸಿ ತಂದು ನೆಟ್ಟವಳು ಆಕೆ. ಅದರಿಂದಲೇ ಹುಲ್ಲಕ್ಕ ಎಂಬ ಹೆಸರು ನಿಂತಿತು. ಸೊಂಟದೆತ್ತರ ಬೆಳೆದು, ಗಾಳಿ ಬಂದತ್ತ ಬಾಗಿ, ತುದಿಯಲ್ಲಿ ನಸುಗೆಂಪು ಗರಿ ಬಿಡುವ ಹುಲ್ಲು ಅದು. ಜೊತೆಯಲ್ಲಿ ದುಡಿಯುತ್ತಿದ್ದ ತೋಟಗಾರನಿಗೆ ಆಕೆ ಎಷ್ಟು ಸಲ ಹೇಳಿದ್ದಳೋ: "ಮೊದಲ್ನೇ ವರ್ಷ ನೀರು ಕೊಡು, ಆಮೇಲೆ ಮರ್ತುಬಿಡು. ಇದಕ್ಕೆ ಬಿಸಿಲು ಬೇಕು, ನೀರು ನಿಲ್ಲದ ಮಣ್ಣು ಬೇಕು. ಗೊಬ್ಬರ ಹಾಕಿದ್ರೆ ಕೊಬ್ಬಿ ಅಡ್ಡ ಬೀಳುತ್ತೆ. ಒಣಗಿದ್ಮೇಲೆ, ಚಿಗುರೋಕೆ ಮುಂಚೆ, ಗೇಣುದ್ದ ಉಳಿಸಿ ಕತ್ತರಿಸು. ಸತ್ತಿದೆ ಅನ್ಕೋಬೇಡ, ಮಲಗಿರುತ್ತೆ."

ಮೂರು ವರ್ಷದ ಹಿಂದೆ ಹಾಗೆಯೇ ಕತ್ತರಿಸಿ ಆಕೆ ಒಂದು ತಿಂಗಳು ರಜೆಯ ಮೇಲೆ ಹೋದಳು. ಆಗಲೇ ಯಾರೋ ದೊಡ್ಡವರು ಗ್ರಂಥಾಲಯ ನೋಡಲು ಬರುವರೆಂದಾಯಿತು. ಬೋಳು ಕೂಳೆಗಳು ತೋಟಗಾರನ ಕಣ್ಣಿಗೆ ಚುಚ್ಚಿದವು. ಬೇಗ ಹಸುರಾಗಲೆಂದು ಗೊಬ್ಬರ ಸುರಿದ. ಬೆಳಿಗ್ಗೆ ಸಂಜೆ ನೀರು ಬಿಟ್ಟ. ಮೂರನೆಯ ವಾರ ಒಂದು ಬುಡವನ್ನು ಹಿಡಿದೆಳೆದರೆ ಕೊಳೆತ ವಾಸನೆಯೊಡನೆ ಅದು ಕೈಗೇ ಬಂತು. ಉಳಿದವೂ ಹಾಗೆಯೇ. ಯಾರೂ ನೋಡುವ ಮೊದಲೇ ಎಲ್ಲವನ್ನೂ ತಾನೇ ಹೊತ್ತು ಗೊಬ್ಬರದ ಗುಂಡಿಗೆ ಹಾಕಿದ. ಮೇಲ್ವಿಚಾರಕಿ ಕೇಳಿದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಅವರು ಬುಡದ ತನಕ ಕತ್ತರಿಸಿಬಿಟ್ಟಿದ್ರು ಮೇಡಂ. ಅದಕ್ಕೇ ಹೋಯ್ತು."

ರಜೆ ಮುಗಿಸಿ ಬಂದವಳ ಕೈಯಿಂದ ಕತ್ತರಿ ತೆಗೆದುಕೊಂಡು ಪೊರಕೆ ಕೊಟ್ಟರು. ಆಕೆ ವಾದಿಸಲಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು. ಮತ್ತೊಂದು ತಿಂಗಳಿಗೆ ಕೆಲಸ ಬಿಟ್ಟಳು.

ಮಧ್ಯಾಹ್ನ ತೋಟಗಾರ ಆಕೆಯ ಮನೆಗೆ ನಡೆದುಹೋದ. ಬಾಗಿಲು ತೆರೆದ ತಂಗಿ ಅವನನ್ನು ಗುರುತಿಸಿದಳು. "ಬನ್ನಿ ಅಣ್ಣ. ಅಕ್ಕ ನಿಮ್ಮನ್ನ ನೆನೀತಾನೇ ಇದ್ಲು."

ಅವನು ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ಗೋಡೆಯುದ್ದಕ್ಕೂ ಅದೇ ಹುಲ್ಲು ಇತ್ತು. ಆದರೆ ಎಂಥ ಅವಸ್ಥೆ! ವರ್ಷವರ್ಷದ ಒಣಕಡ್ಡಿ ಒಂದರ ಮೇಲೊಂದು ಕವಿದು, ನಡುವೆ ಉಸಿರು ಕಟ್ಟಿದಂತೆ ಕಪ್ಪಾಗಿತ್ತು. ಅಂಚಿನಲ್ಲಿ ಮಾತ್ರ ನಾಲ್ಕಾರು ಹಸಿರೆಳೆಗಳು ಇಣುಕುತ್ತಿದ್ದವು.

"ಇದನ್ನ ಯಾಕೆ ಕತ್ತರಿಸ್ಲಿಲ್ಲ?" ಎಂದ, ಕೇಳಬಾರದಿತ್ತೆಂದು ತಿಳಿದೂ.

"ಎಲ್ಲಿ ಕತ್ತರಿಸ್ತಾಳೆ? ಅಲ್ಲಿಂದ ಬಂದ್ಮೇಲೆ ಕತ್ತರಿ ಮುಟ್ಲೇ ಇಲ್ಲ. ನಾನು ಬೈದ್ರೆ, 'ಅವ್ನು ಸುಳ್ಳು ಹೇಳೋನಲ್ಲ ಕಣೇ, ನನ್ನ ಕೈಯೇ ಕೆಟ್ಟಿರ್ಬೇಕು' ಅಂತಿದ್ಲು." ಆಕೆ ಅವನ ಮುಖ ನೋಡಿದಳು. "ನಿಜ ಹೇಳಿ ಅಣ್ಣ. ಅವಳ ಕೈಯಿಂದಾನೇ ಸತ್ತಿದ್ದಾ ಅಲ್ಲಿನ ಹುಲ್ಲು?"

ಹೂಂ ಎಂದರೆ ಮುಗಿಯುತ್ತಿತ್ತು. ಅಲ್ಲ ಎನ್ನಬಲ್ಲವನು ಲೋಕದಲ್ಲಿ ಅವನೊಬ್ಬನೇ ಉಳಿದಿದ್ದ.

"ಅಲ್ಲಮ್ಮ," ಎಂದ. "ನಾನು ನೀರು ಹಾಕಿ ಕೊಳೆಸ್ದೆ. ಕೊಳೆತಿದ್ದು ನನ್ನ ಕೈಗೇ ಬಂತು. ಗೊತ್ತಿದ್ದೂ ಅವರ ಮೇಲೆ ಹಾಕ್ದೆ."

ತಂಗಿ ಕಪ್ಪಾದ ಹುಲ್ಲಿನ ಕಡೆ ತಿರುಗಿದಳು. "ಗ್ರಂಥಾಲಯದಿಂದ ಇಲ್ಲಿಗೆ ಅರ್ಧ ಗಂಟೆ ದಾರಿ," ಎಂದಳು. "ಮೂರು ವರ್ಷ ಬೇಕಾಯ್ತು ನಿಮಗೆ."



"ನಾಳೆ ಅಲ್ಲಿ ಎಲ್ಲರ ಮುಂದೂ ಹೇಳ್ತೀನಿ," ಎಂದ ತೋಟಗಾರ.

"ಹೇಳಿ. ಅವಳಿಗಂತೂ ಕೇಳಿಸಲ್ಲ." ಆಕೆ ಒಳಗೆ ಹೋಗಿ ಕತ್ತರಿ ತಂದಳು. ಅವನು ಕೈ ಚಾಚಿದ, ಆಕೆ ಕೊಡಲಿಲ್ಲ. "ನೀವು ಮುಟ್ಬೇಡಿ. ಹೇಗೆ ಅಂತ ಹೇಳಿ, ಸಾಕು."

"ಎಲ್ಲಾ ಸೇರಿಸಿ ಹಗ್ಗದಲ್ಲಿ ಕಟ್ಟಿ. ಗೇಣುದ್ದ ಉಳಿಸಿ, ಮೇಲಿನದು ತೆಗೀರಿ." ಅವನು ಕೈ ಬಿಡಿಸಿ ಗೇಣು ತೋರಿಸಿದ. "ಸತ್ತಿದೆ ಅನ್ಕೋಬೇಡಿ. ಹಾಗಂತ ಅವರೇ ಹೇಳ್ಕೊಟ್ಟಿದ್ದು."

ಕತ್ತರಿ ಕಚಕಚ ಸದ್ದು ಮಾಡಿತು. ಒಣಕಡ್ಡಿಯ ಕಂತೆಗಳು ಅವನ ಪಾದದ ಬಳಿ ಬಿದ್ದವು. ತೋಟಗಾರ ಬಿಸಿಲಲ್ಲಿ ಕೈಮುಗಿದು ನಿಂತ. ತನಗಾಗಿ ಏನನ್ನೂ ಬೇಡಲು ಬಾಯಿ ಬರಲಿಲ್ಲ. ದೇವರೇ, ಆ ಕೈಗಳಲ್ಲಿ ತಪ್ಪಿರಲಿಲ್ಲ, ನೀನು ಬಲ್ಲೆ. ಅದನ್ನು ಆಕೆಗೂ ತಿಳಿಸು. ಆ ಜೀವಕ್ಕೆ ನೆಮ್ಮದಿ ಕೊಡು.