ಕೊನೆಯ ಸಾಲಿನ ಪಾಸ್‌ವರ್ಡ್

ಕನ್ನಡಕದ ಅಂಗಡಿಯ ಕಂಪ್ಯೂಟರ್ ಸೋಮವಾರ ಕೈಕೊಟ್ಟಿತು. ಗಿರಾಕಿಗಳ ಪಟ್ಟಿ, ಅವರವರ ಕಣ್ಣಿನ ನಂಬರು ಎಲ್ಲ ಪ್ರತಿ ಶನಿವಾರ ಬೇರೊಂದು ಡಿಸ್ಕಿಗೆ ನಕಲಾಗುತ್ತಿದ್ದುದರಿಂದ ಯಾರೂ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿದರೆ ಮುಗಿಯಿತು. ಮಂಗಳವಾರ ಬೆಳಗ್ಗೆ ಸೊಸೆ ಪೆನ್‌ಡ್ರೈವ್ ಸಿಕ್ಕಿಸಿ ಕೂತಳು. ಭಾಷೆ, ಗಡಿಯಾರ, ಕೀಬೋರ್ಡ್ ಸರಾಗವಾಗಿ ದಾಟಿದವು. ಐದನೇ ಪರದೆ ಕೇಳಿತು: ನಿಮ್ಮ ಹೆಸರೇನು?

ಆರು ವರ್ಷದಿಂದ ಈ ಅಂಗಡಿಯಲ್ಲಿ ಅವಳು ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಬೋರ್ಡಿನ ಮೇಲೆ ಅತ್ತೆಯ ಹೆಸರು. ರಬ್ಬರ್ ಸ್ಟಾಂಪಿನಲ್ಲಿ ಅತ್ತೆಯ ಹೆಸರು. ಕನ್ನಡಕದ ಡಬ್ಬಿಯೊಳಗಿನ ಒರೆಸುವ ಬಟ್ಟೆಯ ಮೇಲೂ ಅದೇ. ತನ್ನ ಹೆಸರು ಒಂದೇ ಒಂದು ಕಡೆಯಾದರೂ ಇರಬೇಕೆಂದು ಅವಳಿಗೆ ಆಸೆ. ಪರದೆಯ ಮೇಲಿನ ಚೌಕ ಖಾಲಿ ಇತ್ತು.

ಅತ್ತೆ ಹಿಂದೆ ಬಂದು ನಿಂತರು. ಮೂವತ್ತೊಂದು ವರ್ಷದಿಂದ ಇದೇ ಕೋಣೆಯಲ್ಲಿ ಜನರ ಕಣ್ಣು ಪರೀಕ್ಷಿಸಿದವರು.

“ಏನು ಯೋಚನೆ? ನನ್ನ ಹೆಸರು ಬರಿ.”

ಸೊಸೆ ಸುಳ್ಳು ಹೇಳುವವಳಲ್ಲ. ಮೊದಲು ಹೆಸರು ಕೊಟ್ಟವರೇ ಅಡ್ಮಿನ್ ಆಗುತ್ತಾರೆ, ಉಳಿದವರನ್ನು ಆಮೇಲೆ ಸೇರಿಸಬಹುದು, ಆದರೆ ಏನೇ ಬದಲಾಯಿಸಬೇಕಿದ್ದರೂ ಅಡ್ಮಿನ್ ಒಪ್ಪಬೇಕು ಎಂದು ವಿವರಿಸಿದಳು. ಕಂಪ್ಯೂಟರ್ ನೋಡಿಕೊಳ್ಳುವವಳು ತಾನಾದ್ದರಿಂದ ತನ್ನ ಹೆಸರಿದ್ದರೆ ಅನುಕೂಲ ಎಂದೂ ಸೇರಿಸಿದಳು.

“ಮೊದಲು ಬಂದವಳು ಯಜಮಾನಿ, ಆಮೇಲೆ ಬಂದವಳು ಕೇಳಿಕೊಂಡು ಮಾಡಬೇಕು. ಇದನ್ನ ಮಾಡಿದವರ ಮನೇಲೂ ಅತ್ತೆ ಇದ್ದಿರಬೇಕು ಬಿಡು,” ಎಂದರು ಅತ್ತೆ.

ಸೊಸೆ ಅತ್ತೆಯ ಹೆಸರು ಬರೆದಳು. ಬಳಕೆದಾರರ ಹೆಸರಿನಲ್ಲಿ ಜಾಗ ಬಿಡುವಂತಿಲ್ಲ ಎಂದು ಯಂತ್ರ ತಕರಾರು ತೆಗೆದಾಗ ಅತ್ತೆಯ ಇನಿಷಿಯಲ್ಲನ್ನು ಕಿತ್ತುಹಾಕಿ ಒಂದಿಷ್ಟು ಸಮಾಧಾನಪಟ್ಟುಕೊಂಡಳು. ಮುಂದಿನದು ಪಾಸ್‌ವರ್ಡ್. ಅತ್ತೆ ಯೋಚಿಸಲೇ ಇಲ್ಲ. ಎದುರು ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಪಟವಿತ್ತು. ಅಕ್ಷರ ಬಾರದವರಿಗೂ ಆಗಲೆಂದು ಬರೀ ಅಂಕಿಗಳದ್ದು. ಅದರ ಕೊನೆಯ ಸಾಲು, ಎಂಟು ಅಂಕಿ, ತಮಗೆ ಬಾಯಿಪಾಠ ಎಂದರು. ದಿನವಿಡೀ ಗಿರಾಕಿಗಳೇ ಅದನ್ನು ಗಟ್ಟಿಯಾಗಿ ಓದುತ್ತಾರಲ್ಲ ಎಂದು ಸೊಸೆ ಎಚ್ಚರಿಸಿದಳು. ಸರಿಯಾಗಿ ಓದುವವರು ಯಾರಿದ್ದಾರೆ ಎಂದು ಅತ್ತೆ ನಕ್ಕರು. ಒಂದೇ ಬೆರಳಲ್ಲಿ ಎಂಟೂ ಒತ್ತಿದರು. ಎಂಟು ಚುಕ್ಕೆ ಮೂಡಿದವು.

ಮತ್ತೊಮ್ಮೆ ಅದನ್ನೇ ಬರೆಯಿರಿ ಎಂದು ಕೆಳಗಿನ ಚೌಕ ಕೇಳಿತು. ಈ ಸಲ ಸೊಸೆ ಗೋಡೆ ನೋಡಿಕೊಂಡು ತಾನೇ ಒತ್ತಿದಳು. ಎರಡೂ ಹೊಂದುತ್ತಿಲ್ಲ ಎಂದಿತು ಯಂತ್ರ.

ಅತ್ತೆ ಅವಳನ್ನು ಪಕ್ಕಕ್ಕೆ ಸರಿಸಿ ಎರಡು ಸಲವೂ ತಾವೇ ಒತ್ತಿದರು. ಹೊಂದಿತು. ಸೊಸೆ ಎರಡೂ ಅಳಿಸಿ ಗೋಡೆ ನೋಡುತ್ತ ಒತ್ತಿದಳು. ಅದೂ ಹೊಂದಿತು.

“ನಿನ್ನ ಕಣ್ಣು ಪರೀಕ್ಷೆ ಮಾಡಿಸ್ಕೋಬೇಕು ಕಣೆ,” ಎಂದರು ಅತ್ತೆ, ನಿಜವಾದ ಕಾಳಜಿಯಿಂದ.

ಸೊಸೆ ಮೇಲಿನ ಚೌಕದಲ್ಲಿ ಅತ್ತೆಯ ಕೈಯಿಂದ, ಕೆಳಗಿನದರಲ್ಲಿ ತನ್ನ ಕೈಯಿಂದ ಅಂಕಿಗಳನ್ನು ಹಾಕಿಸಿ, ಪಕ್ಕದಲ್ಲಿದ್ದ ಪುಟ್ಟ ಕಣ್ಣಿನ ಗುರುತು ಒತ್ತಿದಳು. ಚುಕ್ಕೆಗಳು ಅಂಕಿಗಳಾದವು. ಅತ್ತೆಯದು 62958347. ಸೊಸೆಯದು 62938547. ಅತ್ತೆ ಗೋಡೆಯ ಬಳಿ ಹೋಗಿ, ಮೂಗು ತಾಗುವಷ್ಟು ಹತ್ತಿರ ನಿಂತು, ಬಹಳ ಹೊತ್ತು ಓದಿದರು. ಗೋಡೆ ಸೊಸೆಯ ಪರವಾಗಿತ್ತು.

ಹಳೆಯ ಪಟ ಹಳದಿಯಾಯಿತೆಂದು ಲೆನ್ಸ್ ಕಂಪನಿಯವನು ಹೊಸದನ್ನು ನೇತುಹಾಕಿ ಎರಡು ವರ್ಷವಾಗಿತ್ತು. ಅತ್ತೆ ಅದರ ಕಡೆ ತಿರುಗಿದವರೇ ಅಲ್ಲ. ಪಟಕ್ಕೆ ಬೆನ್ನು ಹಾಕಿ, ಗಿರಾಕಿಯ ಮುಖ ನೋಡುತ್ತ, ಹಳೆಯ ಅಂಕಿಗಳಿಗೆ ತಾಳೆ ನೋಡುತ್ತಿದ್ದರು. ಕೊನೆಯ ಸಾಲು ಮಾತ್ರ ಬದಲಾಗಿ ಮೇಲಿನ ಸಾಲುಗಳು ಹಾಗೇ ಇದ್ದುದರಿಂದ ಕಣ್ಣು ಕೆಟ್ಟವರಿಗೆ ಏನೂ ಮೋಸವಾಗಿರಲಿಲ್ಲ. ಕೊನೆಯ ಸಾಲನ್ನೂ ತಪ್ಪಿಲ್ಲದೆ ಓದುವಷ್ಟು ಕಣ್ಣು ಚೆನ್ನಾಗಿದ್ದವರಿಗೆ ಮಾತ್ರ, ತಪ್ಪು ಓದಿದರೆಂದು, ಅತ್ತೆ ಎಲ್ಲಕ್ಕಿಂತ ಕಡಿಮೆ ಪವರಿನ ಕಾಲು ನಂಬರಿನ ಕನ್ನಡಕ ಬರೆದುಕೊಟ್ಟಿದ್ದರು. ಲೆನ್ಸ್ ಹಾಕಿದ ಮೇಲೂ ಅದನ್ನೇ ಓದಿದವರಿಗೆ, ಅಭ್ಯಾಸವಾಗಲಿಕ್ಕೆ ಸ್ವಲ್ಪ ದಿನ ಬೇಕು ಎಂದಿದ್ದರು. ಕಾಲು ನಂಬರಿನವರು ಇಷ್ಟು ಹೆಚ್ಚಿದ್ದು ಮೊಬೈಲಿನಿಂದ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿದ್ದರು.

ಅತ್ತೆ ಗಿರಾಕಿಯ ಕುರ್ಚಿಯಲ್ಲಿ ಕೂತರು.

“ಎಷ್ಟು ಜನ ಇರಬಹುದು?”

ಪಟ್ಟಿ ಡಿಸ್ಕಿನಲ್ಲಿದೆ, ಈ ಪರದೆ ದಾಟದೆ ಅದನ್ನು ತೆಗೆಯಲಾಗದು ಎಂದಳು ಸೊಸೆ. ಪಟ್ಟಿ ಸಿಕ್ಕಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸಬೇಕು, ತಪ್ಪು ನಮ್ಮದೆನ್ನಬೇಕು. ಅತ್ತೆ ಪರದೆಯ ಮೇಲಿನ ತಮ್ಮ ಹೆಸರನ್ನೇ ನೋಡಿದರು.

“ಅಲ್ಲ, ಕಂಪ್ಯೂಟರ್ ನೋಡ್ಕೊಳ್ಳೋಳು ನೀನು. ನಿನ್ನ ಹೆಸರು ಇರೋದೇ ಅನುಕೂಲ. ಆಗಲೇ ಹೇಳಿದೆಯಲ್ಲ.”

“ಹೆಸರು ನಂದು ಅಂದ್ರೆ ಪರೀಕ್ಷೆನೂ ನಾನೇ ಮಾಡ್ತೀನಿ, ಅತ್ತೆ. ಪಟ ನೋಡ್ಕೊಂಡು.”

ಅತ್ತೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯಿಂದ ಪಟ ನೋಡಿದರು. ಕೊನೆಯ ಸಾಲು ಕಂಡಿತೋ ಇಲ್ಲವೋ, ಹೇಳಲಿಲ್ಲ. ಹೂಂ ಎಂದರು.

ಸೊಸೆ ಚೌಕ ಅಳಿಸಿ ತನ್ನ ಹೆಸರು ಬರೆದಳು. ಯಾವ ಗೋಡೆಯ ಮೇಲೂ ಇಲ್ಲದ ಪಾಸ್‌ವರ್ಡ್ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ತೆರೆಯಿತು: ಎರಡು ವರ್ಷದಲ್ಲಿ ಕಾಲು ನಂಬರಿನವರು ನೂರ ಮೂವತ್ತೇಳು ಜನ. ಮೊದಲ ಫೋನು ಒಬ್ಬ ಬಸ್ ಚಾಲಕನಿಗೆ. ಎಲ್ಲ ಕೇಳಿಸಿಕೊಂಡ ಅವನು ಒಪ್ಪಲಿಲ್ಲ. ಕನ್ನಡಕ ಬಂದಮೇಲೇ ತನಗೆ ರಸ್ತೆ ಸರಿಯಾಗಿ ಕಾಣುತ್ತಿರುವುದು, ಯಾರದೋ ಮಾತು ಕೇಳಿ ವಾಪಸ್ ಕೊಡುವುದಿಲ್ಲ ಎಂದ. ಅಂಗಡಿಯ ದೊಡ್ಡಮ್ಮನಿಗೆ ಫೋನ್ ಕೊಡಿ ಎಂದ.

ಅತ್ತೆ ಬಾಗಿಲ ಬಳಿ ಶುಭ್ರವಾಗಿದ್ದ ಗಾಜನ್ನು ಒರೆಸುತ್ತ, ಇಲ್ಲ ಅನ್ನು ಎಂದು ಕೈಯಾಡಿಸಿದರು.

“ಇಲ್ಲಿ ಈಗ ಎಲ್ಲ ನಂದೇ,” ಎಂದಳು ಸೊಸೆ. “ಬೈಯೋದಿದ್ರೆ ನನಗೇ ಬೈಯಿರಿ.”

ಅವನು ಬೈದ. ಅವಳು ಪೂರ್ತಿ ಕೇಳಿಸಿಕೊಂಡು, ಎರಡನೇ ಹೆಸರಿಗೆ ಬಂದಳು.