ಬಂಡೆ ಅವರದು, ದಾರಿ ನಮ್ಮದು

ಬಂಡೆ ನಾರಾಯಣಪ್ಪನದು. ಬಂಡೆಗೆ ಹೋಗುವ ದಾರಿ ನಮ್ಮದು. ದೇವರು ಅಂಚೆಟ್ಟಿ ಕಡೆಯ ಈ ಗುಡ್ಡಗಳನ್ನು ಮಾಡುವಾಗ ಸರ್ವೆಯವರನ್ನು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಬಂಡೆ ಎಂದರೆ ಎದ್ದು ನಿಂತದ್ದಲ್ಲ, ಅಂಗಳದ ಹಾಗೆ ಚಪ್ಪಟೆಯಾಗಿ ಮಲಗಿರುವುದು. ಸುತ್ತ ಮರವಿಲ್ಲ. ಸಂಜೆಯಾದರೆ ಒಳ್ಳೆಯ ಗಾಳಿ. ರಾಗಿ ಒಕ್ಕಲು, ತೂರಲು ಅಂಥ ಕಣ ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಅದಕ್ಕೇ ನನ್ನ ಮಾವನವರೂ ನಾರಾಯಣಪ್ಪನ ಅಪ್ಪನೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅವರ ಬಂಡೆಯ ಮೇಲೆ ನಾವು ಒಕ್ಕಬಹುದು, ನಮ್ಮ ಹೊಲದ ದಾರಿಯಲ್ಲಿ ಅವರು ಓಡಾಡಬಹುದು. ಇದಕ್ಕೆ ಕಾಗದವಿಲ್ಲ. ಇರುವುದು ಎರಡೇ ಮಾತು.

ಆ ಮಾತು ರಾಶಿ ಅಳೆಯುವ ಹೊತ್ತಿನದು. ನಮ್ಮಲ್ಲಿ ತನ್ನ ರಾಶಿಯನ್ನು ತಾನೇ ಅಳೆಯುವಂತಿಲ್ಲ, ದೃಷ್ಟಿಯಾಗುತ್ತದೆ. ನಮ್ಮದನ್ನು ಅವರು ಅಳೆಯಬೇಕು, ಅವರದನ್ನು ನಾವು. ಹೊತ್ತು ಮುಳುಗಿದ ಮೇಲೆ, ದೀಪವಿಲ್ಲದೆ, ಮಾತಿಲ್ಲದೆ, ಬರಿಗಾಲಲ್ಲಿ. ಅಳೆದು ಮುಗಿದ ಮೇಲೆ ನಾರಾಯಣಪ್ಪ 'ಬರೋ ವರ್ಸಾನೂ ಇದೇ ಕಣ' ಎನ್ನಬೇಕು. ಅದಕ್ಕೆ ನಮ್ಮ ಕಡೆಯಿಂದ 'ಬರೋ ವರ್ಸಾನೂ ಇದೇ ದಾರಿ' ಎನ್ನಬೇಕು. ಅಲ್ಲಿಗೆ ಒಂದು ವರ್ಷಕ್ಕೆ ಇಬ್ಬರ ಹಕ್ಕೂ ಗಟ್ಟಿ. ಮಾವನವರು ಹೋದ ಮೇಲೆ ನಮ್ಮ ಕಡೆಯ ಮಾತನ್ನು ನಾನೇ ಹೇಳುತ್ತೇನೆ. ನನ್ನ ಗಂಡ ವೆಂಕಟಸ್ವಾಮಿ ಮಾತಾಡಬೇಕಾದ ಕಡೆ ಕೆಮ್ಮುವ ಮನುಷ್ಯ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ನಮ್ಮೂರಿನ ಮೇಲೆ ನಕ್ಷತ್ರಗಳಿವೆ ಎಂದು ಹೊಸೂರಿನವರಿಗೆ ಗೊತ್ತಾಯಿತು.

ತಿಳಿಸಿದವನು ಯುವರಾಜ, ನಾರಾಯಣಪ್ಪನ ಮಗ. ಹೊಸೂರಿನ ಲಾರಿ ಫ್ಯಾಕ್ಟರಿಯಲ್ಲಿ ಕೆಲಸ, ಮತ್ತಿಗಿರಿಯಲ್ಲಿ ಮನೆ. ಅವನ ಪರಿಚಯದ ಮೂರ್ತಿ ಎಂಬವರು ಗಡಿಯಾರದ ಕಾರ್ಖಾನೆಯಲ್ಲಿ ರಿಟೈರ್ ಆದವರು. ಬದುಕೆಲ್ಲ ಕೆಳಗೆ ನೋಡಿ ಕೆಲಸ ಮಾಡಿ ಕುತ್ತಿಗೆ ಹಿಡಿದುಕೊಂಡಿತ್ತೋ ಏನೋ, ಈಗ ಮೇಲೆ ನೋಡುವ ಸಂಘ ಕಟ್ಟಿದ್ದರು. ಅಮಾವಾಸ್ಯೆಯ ಹತ್ತಿರದ ಶನಿವಾರ ಸಂಜೆ ಟೆಲಿಸ್ಕೋಪ್ ಹೊತ್ತು ಬಂಡೆಗೆ ಬರುತ್ತಿದ್ದರು. ನಾರಾಯಣಪ್ಪ ಅವರಿಗೆ ಬಂಡೆಯನ್ನು ಬಾಡಿಗೆಗೆ ಕೊಟ್ಟ. ಆಕಾಶ ತನ್ನದೇ ಎಂಬಂತೆ ಓಡಾಡತೊಡಗಿದ.

ನನಗೇನೂ ಹೊಟ್ಟೆಯುರಿಯಿರಲಿಲ್ಲ. ಮೊದಲ ಸಲ ಬಂದಾಗ ಮಜ್ಜಿಗೆ ಕೊಟ್ಟು ಕಳಿಸಿದ್ದೆ. ಎರಡನೆಯ ಸಲ ಮೂರ್ತಿಯವರು ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಹೊಲದ ಕಂಬದ ಮೇಲಿನ ನಮ್ಮ ದೊಡ್ಡ ಲೈಟನ್ನು ನೋಡಿದರು.

"ಅಮ್ಮಾ, ಅದನ್ನ ಸ್ವಲ್ಪ ಆಫ್ ಮಾಡಿದ್ರೆ ನಮಗೆ ಅನುಕೂಲ ಆಗುತ್ತೆ."

"ಆಫ್ ಮಾಡ್ತೀನಿ ಸ್ವಾಮಿ. ಆನೆಗೆ ನೀವು ಹೇಳ್ತೀರಾ?"

ಅವರು ಯೋಚಿಸಿದರು. ಬುದ್ಧಿವಂತರು, ಎಲ್ಲವನ್ನೂ ಯೋಚಿಸುತ್ತಾರೆ. "ಆನೆ ಸಾಮಾನ್ಯವಾಗಿ ಯಾವ ಟೈಮಿಗೆ ಬರುತ್ತೆ?"

"ಕೇಳ್ಕಂಡು ಹೇಳ್ತೀನಿ," ಎಂದೆ. ಮುಂದಿನ ಸಲ ಮಜ್ಜಿಗೆ ಕೊಡಲಿಲ್ಲ.

ಲೈಟು ನಾನು ಚೆಂದಕ್ಕೆ ಹಾಕಿಸಿದ್ದಲ್ಲ. ಹಿಂದಿನ ವರ್ಷ ಆನೆಗಳು ಬಂದು ತೆನೆ ಕಟ್ಟಿದ್ದ ರಾಗಿಯನ್ನು ಮೇಯ್ದು, ಮೇಯಲು ಬೇಡವಾದದ್ದನ್ನು ತುಳಿದು ಹೋಗಿದ್ದವು. ಬೆಳಗ್ಗೆ ಹೊಲದ ಬದುವಿನ ಮೇಲೆ ಕೂತು ನಾನು ಬಾಯಿಬಿಟ್ಟು ಅತ್ತಿದ್ದೆ. ಆಗ ಪಕ್ಕ ಕೂತು ಸಮಾಧಾನ ಹೇಳಿದವನು ಇದೇ ನಾರಾಯಣಪ್ಪ. ಈಗ ಅವನೇ ಬೇಲಿಯ ಆಚೆ ನಿಂತು ಕೂಗಿದ.

"ಗೋವಿಂದಮ್ಮಾ, ಅವ್ರು ಬಂದಾಗ ಲೈಟ್ ಆರ್ಸು. ಇಲ್ದಿದ್ರೆ ಈ ವರ್ಸ ಬಂಡೆ ಮ್ಯಾಕೆ ನಿನ್ ರಾಗಿ ಬರಾಂಗಿಲ್ಲ."

"ಹಂಗಾದ್ರೆ ನನ್ ಹೊಲ್ದಾಗೆ ನಿನ್ ಕಾಲೂ ಬರಾಂಗಿಲ್ಲ ಕಣೋ," ಎಂದೆ. ಅವತ್ತೇ ದಾರಿಗೆ ಜಾಲಿಮುಳ್ಳು ಎಳೆದು ಹಾಕಿಸಿದೆ.

ನಾರಾಯಣಪ್ಪ ಬಂಡೆಯ ಬುಡದಲ್ಲಿ ಒಂದು ಬೋರ್ಡು ನೆಟ್ಟ. ನಮ್ಮದು ತಮಿಳುನಾಡಿನ ಸೀಮೆ, ಬೋರ್ಡೂ ತಮಿಳಿನದು. ತಮಿಳು ಓದಿದ ನನ್ನ ಗಂಡ ಅದನ್ನು ದೂರದಿಂದಲೇ ಓದಿ ಹೇಳಿದರು. ಇಲ್ಲಿ ಬೆಳಕಿಗೆ ಪ್ರವೇಶವಿಲ್ಲ ಎಂದಿತ್ತಂತೆ. ಮರುದಿನ ಸೂರ್ಯ ಅದನ್ನು ಓದದೆ ಬಂದ.

ಮುಂದಿನ ಅಮಾವಾಸ್ಯೆಯ ಶನಿವಾರ ಸಂಘದವರು ಗುಡ್ಡ ಸುತ್ತಿ ಬರಬೇಕಾಯಿತು. ಟೆಲಿಸ್ಕೋಪಿಗೆ ಕಂಬಳಿ ಸುತ್ತಿ ನಾಲ್ವರು ಹೆಗಲ ಮೇಲೆ ಹೊತ್ತು ಬರುತ್ತಿದ್ದರೆ ದಾರಿಯಲ್ಲಿದ್ದವರು ಎದ್ದು ನಿಂತು ಟವೆಲ್ ಕೆಳಗಿಳಿಸಿದರಂತೆ. ಯಾರು ಹೋದರು ಎಂದೂ ಕೇಳಿದರಂತೆ.

ಇಷ್ಟರಲ್ಲಿ ರಾಗಿ ಕೊಯ್ಲಾಯಿತು. ಆನೆಗಳು ಈ ಸಲ ದಯೆ ತೋರಿಸಿದ್ದವು, ಅಥವಾ ಲೈಟು ತೋರಿಸಿತ್ತು. ಹೊಲದಲ್ಲಿ ಉಳಿದದ್ದು ರಾಗಿಯ ನಡುವೆ ಸಾಲು ಹಾಕಿದ್ದ ಅವರೆ ಮಾತ್ರ. ಮೆದೆ ಒಟ್ಟಿದ್ದಾಯಿತು. ಒಕ್ಕುವುದು ಎಲ್ಲಿ?

"ಟಾರ್ ರೋಡ್ ಮ್ಯಾಲೆ ಹಾಕಣ," ಎಂದರು ನನ್ನ ಗಂಡ. "ಬಸ್ಸು ಒಕ್ಕತೈತೆ."

"ಈ ರೋಡಿಗೆ ಬರೋ ಬಸ್ ನಂಬ್ಕಂಡ್ರೆ ಉಗಾದಿಗೆ ಒಕ್ಕಿ ಮುಗೀತೈತೆ. ಆಮೇಲೆ ಮುದ್ದೇಲಿ ಜಲ್ಲಿ ಉಣ್ಣು."

ಅವರು ಕೆಮ್ಮಿದರು.

ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಒಂದು ವರ್ಷ ಬಂಡೆ ತಪ್ಪಿದರೆ ಆ ಎರಡು ಮಾತು ತಪ್ಪುತ್ತದೆ. ಮಾತು ತಪ್ಪಿದರೆ ನಮ್ಮ ಮನೆಗೆ ಕಣ ಇತ್ತು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ ನನ್ನ ಕೈಗೆ ಮೊರ ಕೊಟ್ಟು ಗಾಳಿ ಯಾವ ಕಡೆಯಿಂದ ಬರುತ್ತದೆಂದು ತೋರಿಸಿದ್ದು ಆ ಬಂಡೆಯ ಮೇಲೆ. ಅದನ್ನು ನಾನು ಚುಕ್ಕಿ ನೋಡುವವರಿಗೆ ಬಿಟ್ಟುಕೊಡುವವಳಲ್ಲ.

ನಾರಾಯಣಪ್ಪ ಮಗನ ಮನೆಗೆಂದು ಮತ್ತಿಗಿರಿಗೆ ಹೋದ ಸುದ್ದಿ ಬಂತು. ಆ ಕ್ಷಣವೇ ಗಾಡಿ ಕಟ್ಟಿಸಿದೆ. ಗಾಡಿ ಹೋಗಲು ನಾನೇ ಹಾಕಿಸಿದ್ದ ಮುಳ್ಳನ್ನು ನಾನೇ ಎಳೆದು ಬದಿಗೆ ಹಾಕಬೇಕಾಯಿತು. ಕೈಗೆ ಚುಚ್ಚಿತು. ನನ್ನ ಗಂಡ ಆ ಕೈಯನ್ನು ನೋಡಿ ಕೆಮ್ಮಿದರು.

ಬಂಡೆಯ ಮೇಲೆ ಹರಡಿ, ಎತ್ತು ಕಟ್ಟಿ ಕಲ್ಲುಗುಂಡು ಹೊಡೆಸಿ, ಹುಲ್ಲು ತೆಗೆದು, ತೂರಿದೆವು. ಗಾಳಿ ಕೇಳಿದಷ್ಟು ಬಂತು. ಎರಡನೆಯ ದಿನ ಸಂಜೆ ರಾಶಿ ಕೂತಿತು. ಅದರ ನೆತ್ತಿಯ ಮೇಲೆ ಬೆನವ, ಅಂದರೆ ಸಗಣಿಯ ಗಣಪನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಕೈಮುಗಿದೆ. ಗೆದ್ದೆ ಎನ್ನಿಸಿತು. ಅಳೆಯುವ ಬಳ್ಳ ತೆಗೆದು ರಾಶಿಯ ಮುಂದಿಟ್ಟೆ.

ನನ್ನ ಗಂಡ ಬಳ್ಳವನ್ನು ನೋಡಿದರು. ನನ್ನನ್ನು ನೋಡಿದರು. ಈ ಸಲ ಕೆಮ್ಮಲಿಲ್ಲ.

"ಅಳ್ಯೋರು ಯಾರು?"

ಸಿಟ್ಟಿನಲ್ಲಿ ಮನುಷ್ಯರು ಏನೇನೋ ಮರೆಯುತ್ತಾರೆ. ನಾನು ಮರೆತದ್ದು ನಾರಾಯಣಪ್ಪನನ್ನು. ಅವನು ಊರಲ್ಲಿಲ್ಲ ಎಂದು ಹಿಗ್ಗಿ ಒಕ್ಕಿದ ರಾಶಿಯನ್ನು ಅವನಿಲ್ಲದೆ ಅಳೆಯುವಂತಿಲ್ಲ. ಅಳೆಯದ ರಾಶಿಯನ್ನು ಕಣದಿಂದ ಎತ್ತುವಂತಿಲ್ಲ. ಎತ್ತದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಆನೆ ಅಳೆದಿರುತ್ತದೆ. ನಾನು ರಾಶಿಯ ಪಕ್ಕ ಕುಕ್ಕರಿಸಿದೆ. ಬೇರೆ ಯಾರನ್ನಾದರೂ ಕರೆಯೋಣವೆಂದರೆ ಬೇರೆಯವರು ಅಳೆದದ್ದು ನಮ್ಮ ಮನೆಯಲ್ಲಿ ಇಲ್ಲ. ಹೊತ್ತು ಮುಳುಗಿತು. ರಾಶಿ ಕಣದಲ್ಲಿರುವಾಗ ದೀಪ ಕೂಡದೆಂದು ಹೊಲದ ಲೈಟನ್ನೂ ಹಾಕಿರಲಿಲ್ಲ.

ಆಗ ದಾರಿಯಲ್ಲಿ ಮಾತು ಕೇಳಿಸಿತು. ಅವತ್ತು ಅಮಾವಾಸ್ಯೆಯ ಹತ್ತಿರದ ಶನಿವಾರ. ಮುಳ್ಳು ತೆಗೆದಿತ್ತು, ಲೈಟು ಆರಿತ್ತು. ಸಂಘದವರು ಸಲೀಸಾಗಿ ನಮ್ಮ ಹೊಲದಲ್ಲೇ ಬರುತ್ತಿದ್ದರು. ಮುಂದೆ ನಾರಾಯಣಪ್ಪ. ಮತ್ತಿಗಿರಿಯಿಂದ ಅವರ ಕಾರಿನಲ್ಲೇ ಬಂದಿದ್ದ.

"ತುಂಬಾ ಥ್ಯಾಂಕ್ಸ್ ಅಮ್ಮಾ," ಎಂದರು ಮೂರ್ತಿಯವರು ಕತ್ತಲಿನಲ್ಲಿ. "ನೀವು ಅರ್ಥ ಮಾಡ್ಕೊಂಡ್ರಿ."

"ಏನ್ ಅರ್ಥ ಮಾಡ್ಕಂಡ್ಳು? ಯಾರನ್ ಕೇಳಿ ಬಂಡೆ ಹತ್ತಿದ್ಲು?" ಎಂದು ನಾರಾಯಣಪ್ಪ ಏರು ದನಿಯಲ್ಲಿ ಬಂದವನು ರಾಶಿ ಕಂಡ. ಮುಂದಿನ ಮಾತು ಬಾಯಲ್ಲೇ ನಿಂತಿತು. ಕಾಲು ತನ್ನಷ್ಟಕ್ಕೆ ಚಪ್ಪಲಿ ಬಿಟ್ಟಿತು. ಅವನನ್ನು ನೋಡಿ ಸಂಘದವರೂ ಬೂಟು ಬಿಚ್ಚಿ ಕಾಲುಚೀಲದಲ್ಲಿ ನಿಂತರು. ಟೆಲಿಸ್ಕೋಪನ್ನು ಮೆಲ್ಲಗೆ ಕೆಳಗಿಳಿಸಿದರು.

ನಾರಾಯಣಪ್ಪ ರಾಶಿಯನ್ನು ನೋಡಿದ, ಬಳ್ಳವನ್ನು ನೋಡಿದ. ನನ್ನನ್ನು ನೋಡಲಿಲ್ಲ. ಟವೆಲನ್ನು ಸೊಂಟಕ್ಕೆ ಕಟ್ಟಿ ಮೊಣಕಾಲೂರಿದ.

"ಲಾಭ," ಎಂದು ಮೊದಲ ಬಳ್ಳ ಹಾಕಿದ. ನಮ್ಮಲ್ಲಿ ರಾಶಿ ಅಳೆಯುವಾಗ ಒಂದು ಎನ್ನುವುದಿಲ್ಲ. ಆಮೇಲಿನದೆಲ್ಲ ಅವನ ತುಟಿಯೊಳಗೆ. ನನ್ನ ಗಂಡ ಚೀಲ ಹಿಡಿದರು. ಬಳ್ಳ ರಾಶಿಗೆ ಇಳಿದು ಏಳುವ ಸದ್ದು ಬಿಟ್ಟರೆ ಬಂಡೆಯ ಮೇಲೆ ಉಸಿರಿಲ್ಲ.

ಅಷ್ಟರಲ್ಲಿ ಫಳ್ಳೆಂದು ಬೆಳಕು ಬಿತ್ತು. ಮೂರ್ತಿಯವರು, ಪಾಪ, ನಾರಾಯಣಪ್ಪನಿಗೆ ಕಾಣಿಸಲಿ ಎಂದು ಮೊಬೈಲಿನ ಟಾರ್ಚ್ ಹಾಕಿದ್ದರು.

"ಲೈಟ್ ಆರ್ಸಿ ಸ್ವಾಮಿ!" ಎಂದೆವು ನಾನೂ ನಾರಾಯಣಪ್ಪನೂ ಒಂದೇ ಬಾಯಿಗೆ. ಕಣದಲ್ಲಿ ಮಾತಾಡಬಾರದು. ಆದರೂ ಆ ಮಾತಾಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಅಳೆದು ಮುಗಿಯಿತು. ನಾರಾಯಣಪ್ಪ ಬಳ್ಳವನ್ನು ಬೋರಲು ಹಾಕಿ ಅದರ ಮೇಲೆ ಕೈಯಿಟ್ಟುಕೊಂಡು ಕೂತ. ಈಗ ಅವನು ಹೇಳಬೇಕು. ಹೇಳಲಿಲ್ಲ. ನಾನು ಮೊದಲು ಬಾಯಿಬಿಡುವಂತಿಲ್ಲ. ಅವನು ಹೀಗೇ ಎದ್ದು ಹೋದರೆ ನನ್ನ ಅತ್ತೆಯ ಬಂಡೆ ಹೋಯಿತು. ನಾನಾಗಿಯೇ ಕಳೆದಂತಾಯಿತು. ಕಣ್ಣಲ್ಲಿ ನೀರು ಬಂತು. ಕತ್ತಲಿದ್ದದ್ದು ಒಳ್ಳೆಯದಾಯಿತು.

"ಬರೋ ವರ್ಸಾನೂ," ಎಂದ ನಾರಾಯಣಪ್ಪ. ದನಿ ಕೀರಲಾಗಿತ್ತು. "ಇದೇ ಕಣ."

ಈಗ ನನ್ನ ಸರದಿ. ಕಣ ನನಗೆ ಸಿಕ್ಕಾಗಿತ್ತು. ದಾರಿ ಇನ್ನೂ ನನ್ನ ಬಾಯಲ್ಲಿತ್ತು. ಅವನು ನನ್ನನ್ನು ಎಷ್ಟು ಹೊತ್ತು ಕಾಯಿಸಿದ್ದನೋ ಅಷ್ಟು ಹೊತ್ತು ಅವನನ್ನು ಕಾಯಿಸಿದೆ. ನಾನೇನು ದೇವತೆಯಲ್ಲ. ನನ್ನ ಗಂಡ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತು.

"ಬರೋ ವರ್ಸಾನೂ ಇದೇ ದಾರಿ," ಎಂದೆ.

ನಾರಾಯಣಪ್ಪ ಉಸಿರುಬಿಟ್ಟ. ಅಳೆಯುವಾಗ ಕಣದಲ್ಲಿದ್ದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಆದ್ದರಿಂದ ಸಂಘದವರಿಗೂ ಒಂದೊಂದು ಮೊರ ರಾಗಿ ಕೊಟ್ಟೆ. ಮೂರ್ತಿಯವರು ಟೋಪಿಯಲ್ಲಿ ಹಾಕಿಸಿಕೊಂಡರು. ಪ್ರತಿಯಾಗಿ ಟೆಲಿಸ್ಕೋಪಿನಲ್ಲಿ ಗುರುಗ್ರಹ ತೋರಿಸಿದರು. ಇಷ್ಟು ದೊಡ್ಡ ಕೊಳವೆ ಹೊತ್ತು ತಂದು ನೋಡಿದ ಮೇಲೂ ಅದು ಒಂದು ಅವರೆಕಾಳಿನಷ್ಟಿತ್ತು. ಚೆನ್ನಾಗಿದೆ ಎಂದೆ.

ಚೀಲಗಳನ್ನು ಮನೆ ಸೇರಿಸಿದೆವು. ನನ್ನ ಕೈ ಅಭ್ಯಾಸಬಲದಿಂದ ಹೊಲದ ಲೈಟಿನ ಸ್ವಿಚ್ಚಿಗೆ ಹೋಯಿತು. ಬಂಡೆಯ ಕಡೆಯಿಂದ ಸಂಘದವರ ಸಣ್ಣ ಮಾತು, ನಾರಾಯಣಪ್ಪನ ನಗು ಕೇಳಿಸುತ್ತಿತ್ತು. ಕೈ ವಾಪಸು ತೆಗೆದೆ.

"ಲೈಟ್ ಹಾಕಲ್ವಾ?" ಎಂದರು ನನ್ನ ಗಂಡ.

"ರಾಗಿ ಮನೇಗ್ ಬಂತಲ್ಲ. ಕಾಯಾಕೆ ಇನ್ನೇನೈತೆ?"

"ಅವರೆ ಐತಲ್ಲ."

"ಆನೆ ಅವರೆ ತಿನ್ನಲ್ಲ."

ತಿನ್ನುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಒಳಗೆ ಹೋಗಿ ಎರಡು ಕಂಬಳಿ, ಒಂದು ತಮಟೆ ತಂದರು. ಸಂಘದವರು ಇಳಿದು ಹೋಗುವವರೆಗೂ ನಾವಿಬ್ಬರೂ ಕತ್ತಲಿನಲ್ಲಿ ಬದುವಿನ ಮೇಲೆ ಕೂತು ಅವರೆ ಕಾದೆವು.