ಅಲ್ಪವಿರಾಮದ ಉಸಿರು

ತೆಗೆದುಬಿಡುತ್ತೇನೆ ಎಂದು ರಾಧಿಕಾ ಹಿತೇಶನಿಗೆ ಮಾತು ಕೊಟ್ಟಿದ್ದಳು, ನಾನು ಹೋದ್ರೆ ನನ್ನ ದನಿ ತೆಗ್ದುಬಿಡಿ ರಾಧಿಕಕ್ಕ, ಅಮ್ಮನಿಗೆ ಕೇಳಬಾರ್ದು, ಒಲೆ ಮೇಲೆ ಹಾಲಿಟ್ಟದ್ದೂ ಮರೆತು ಮಾತಾಡಿಸ್ತಾ ಕೂತುಬಿಡ್ತಾರೆ — ಆಸ್ಪತ್ರೆಯ ಮಂಚದಲ್ಲಿ ಲ್ಯಾಪ್‌ಟಾಪ್ ತೊಡೆಗೇರಿಸಿಕೊಂಡು ನಗುತ್ತಲೇ ಹೇಳಿದ್ದ — ಅಗಲಾ ಸ್ಟೇಷನ್, ಕಾಂದಿವಲಿ, ಈಗ ರಾಧಿಕಾ ನಿಂತಿರುವ ಲೋಕಲ್ ರೈಲಿನಲ್ಲಿ ಮುಂದಿನ ನಿಲ್ದಾಣ ಸಾರುವ ಹೆಣ್ಣುದನಿ, ನಡುವಿನ ಅಲ್ಪವಿರಾಮದಲ್ಲಿ ಉಸಿರಿಲ್ಲ, ಸದ್ಯ, ಈಗೀಗ ಯಾವ ದನಿ ಕೇಳಿದರೂ ಕಿವಿ ಅಲ್ಲಿಗೇ ಹೋಗುತ್ತದೆ, ತಪ್ಪು ರಾಧಿಕಾಳದೇ, ಕಣ್ಣು ಹೋದ ತಾಯಿಗೆ ಪೇಪರ್ ಓದಿ ಹೇಳಲೆಂದು ಅವನು ಜಾವಾದಲ್ಲಿ ಶುರುಮಾಡಿದ ಪ್ರೋಗ್ರಾಂ, ದನಿ ಅವನದೇ, ಕೋಡ್ ಎಲ್ಲರಿಗೂ ತೆರೆದದ್ದು, ಜೊತೆಗೆ ನೋಡಿಕೊಳ್ಳುತ್ತಿದ್ದವಳು ಅವಳು, ಅಲ್ಪವಿರಾಮಕ್ಕೆ ಕಾಲು ಸೆಕೆಂಡು ಮೌನ ಬೇಕಿತ್ತು, ಮಗಳು ಯಕ್ಷಿತಾಳ ಟಿಫಿನ್ ಕಟ್ಟುತ್ತ ಅವಳೇ ಅವನ ರೆಕಾರ್ಡಿಂಗಿನಿಂದ ಒಂದು ತುಂಡು ಮೌನ ಕತ್ತರಿಸಿ ಸೇರಿಸಿದಳು, ಅದರೊಳಗೆ ಅವನು ಉಸಿರೆಳೆದದ್ದು ಗೊತ್ತಾಗಲಿಲ್ಲ, ನಿಮ್ಮ ಪ್ರೋಗ್ರಾಂ ಉಸಿರಾಡುತ್ತದೆ ಎಂದು ಗದಗದಿಂದ ಯಾರೋ ದೂರು ಬರೆದರು, ಹಿತೇಶ ಬಿದ್ದು ಬಿದ್ದು ನಕ್ಕ, ಇರ್ಲಿ ಬಿಡಿ ಅಕ್ಕ, ಬಿಟ್ಟಿ ದುಡಿಸ್ತೀರಿ, ಉಸಿರಾದ್ರೂ ಆಡ್ಲಿ.

ಅವನು ಹೋದ ಮೂರನೆಯ ದಿನವೇ ತೆಗೆದಳು, ದನಿಯ ಫೋಲ್ಡರ್ ಅಳಿಸಿ, ಯಂತ್ರದ ದನಿ ಹಾಕಿ, ಹೊಸ ಆವೃತ್ತಿ ಬಿಟ್ಟಳು, ಅಳಿಸಿದ್ದು ಅಲ್ಲಿ ಮಾತ್ರ, ಯಾರು ಬೇಕಾದರೂ ನಕಲು ಮಾಡಿಕೊಳ್ಳಿ ಎಂದು ಲೈಸೆನ್ಸ್ ಹಾಕಿದವಳೂ ಅವಳೇ ಅಲ್ಲವೇ, ನೂರಾ ಹನ್ನೊಂದು ಜನ ಮಾಡಿಕೊಂಡಿದ್ದರು, ಈ ಹೊತ್ತಿನಲ್ಲಿ ಯಾರದೋ ಅಡುಗೆಮನೆಯಲ್ಲಿ ಅವನು ರಾಶಿಭವಿಷ್ಯ ಓದುತ್ತಿರಬಹುದು, ಬದುಕಿದ್ದಾಗ ಒಮ್ಮೆಯೂ ಆಡದ ಮಾತುಗಳನ್ನು, ನಡುನಡುವೆ ಉಸಿರೆಳೆದುಕೊಳ್ಳುತ್ತ — ಇರಲಿ, ಅಮ್ಮನಿಗಂತೂ ಕೇಳುವುದಿಲ್ಲ, ವರ್ಷವಾಯಿತು, ಮಾತು ಉಳಿದಿದೆ — ಫೋನು ನಡುಗಿತು, ನೀಲಾವತಿಯಮ್ಮ, ಅವನ ತಾಯಿ.

ರಾಧಿಕಾ, ಅವನು ಬಂದಿದ್ದಾನೆ ಮಾರಾಯ್ತಿ. ಯಾರಮ್ಮಾ, ಎಂದಳು, ಫೋನನ್ನು ಕಿವಿಗೊತ್ತಿಕೊಂಡಳು, ನಿನ್ನ ಮಗಳುಂಟಲ್ಲ, ನಿನ್ನೆ ಬಂದು ಟ್ಯಾಬಿಗೆ ಹಾಕಿ ಕೊಟ್ಟಳು, ಅಜ್ಜೀ ರೋನಾ ನಹೀ, ಅಳ್ಬೇಡಿ, ಓಲ್ಡ್‌ವಾಲಾ ದನಿ ನನ್ ಹತ್ರ ಇದೆ ಅಂತ, ಪಾಪದ ಹುಡುಗಿ, ಬೈಬೇಡ ಅವಳಿಗೆ, ಬೆಳಿಗ್ಗೆಯಿಂದ ಪೇಪರ್ ಓದ್ತಾ ಇದ್ದಾನೆ, ಈಗ ಅವನದ್ದೇ ಬಂತು, ಕೇಳು, ಕೇಳು — ಬೇಡಮ್ಮಾ, ಆದರೆ ಆಗಲೇ ಶುರುವಾಗಿತ್ತು, ರಾಧಿಕಾ ತಾನೇ ಬರೆದು ಪೇಪರಿಗೆ ಕೊಟ್ಟಿದ್ದ ನಾಲ್ಕು ಸಾಲು, ಪ್ರಥಮ ಪುಣ್ಯಸ್ಮರಣೆ, ಉಸಿರು, ಹಿತೇಶ್, ಉಸಿರು, ನೀನು ನಮ್ಮನ್ನಗಲಿ ಇಂದಿಗೆ ಒಂದು ವರ್ಷ, ಉಸಿರು, ಎಷ್ಟು ಚಂದ ಓದ್ತಾನೆ ನೋಡು, ಇನ್ನೊಮ್ಮೆ ಓದು ಮಗಾ, ಹಿಂದೆ ಏನೋ ಚುರ್ರೆಂದಿತು, ಹಾಲು ಉಕ್ಕಿ ಒಲೆಗೆ ಸುರಿಯುವ ಸದ್ದು, ಅಮ್ಮಾ ಗ್ಯಾಸ್, ಅಮ್ಮಾ, ಹೆಂಗಸರು ಹಿಂದಿನಿಂದ ತಳ್ಳುತ್ತಿದ್ದಾರೆ, ಇಳಿಯಲಿಕ್ಕುಂಟಾ ಎಂದು ಕೇಳುತ್ತಿದ್ದಾರೆ, ಉತರ್‌ನಾ ಹೈ ಕ್ಯಾ, ಕಾಂದಿವಲಿ ಬಂದು ಹೋಗುತ್ತಿದೆ, ಅಮ್ಮನಿಗೆ ಅವಳ ಕೂಗು ಕೇಳುತ್ತಿಲ್ಲ, ಅವನದು ಕೇಳುತ್ತಿದೆ, ಹಿತೇಶ್, ಉಸಿರು, ಹಿತೇಶ್, ಉಸಿರು. ಕೊಟ್ಟ ಮಾತು ಉಳಿಯಲಿಲ್ಲ.